ಗ್ಯಾಸ್ ಖಾಲಿಯಾಗುವುದಿಲ್ಲ, ಸೋರುತ್ತದೆ

ಹೋದ ತಿಂಗಳು ಇದೇ ಅಂಕಣದಲ್ಲಿ ಫ್ರಿಜ್ ಬಾಗಿಲಿನ ರಬ್ಬರ್ ಬಗ್ಗೆ ಬರೆಯುತ್ತ, ಕೊನೆಗೆ 'ಗ್ಯಾಸ್ ವಿಷಯ ಯಾವಾಗಲಾದರೂ ನೋಡೋಣ' ಎಂದು ಒಂದು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಸಂಪಾದಕರು ಒಂದು ಕಟ್ಟು ಪತ್ರ ಕಳಿಸಿದ್ದಾರೆ. ಬಳ್ಳಾರಿಯಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡುತ್ತ ಮೂವತ್ತೆರಡು ಬೇಸಿಗೆ ಕಳೆದವನು ನಾನು. ನಮ್ಮೂರಲ್ಲಿ ವಯಸ್ಸಿನ ಲೆಕ್ಕವನ್ನೂ ಬೇಸಿಗೆಯಲ್ಲೇ ಇಡಬೇಕು. ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ ಇದೆ. ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮದು 2012ರಲ್ಲಿ ಕೊಂಡ ಒಂದೂವರೆ ಟನ್ ಸ್ಪ್ಲಿಟ್ ಎಸಿ. ಪ್ರತಿ ಮಾರ್ಚ್‌ನಲ್ಲೂ ಗ್ಯಾಸ್ ಖಾಲಿಯಾಗಿರುತ್ತದೆ, ಹಾಕಿಸುತ್ತೇವೆ. ಈ ಸಲ ಬಂದ ಹುಡುಗ 'ಇದು ಹಳೇ ಗ್ಯಾಸ್ ಮೇಡಂ, ಬ್ಯಾನ್ ಆಗಿದೆ. ಪರಿಸರಕ್ಕೆ ಒಳ್ಳೇದು ಅಂತ ಹೊಸ ಗ್ಯಾಸ್ ಬಂದಿದೆ, ಅದನ್ನೇ ಹಾಕ್ತೀನಿ' ಎನ್ನುತ್ತಿದ್ದಾನೆ. ಹಾಕಿಸಲಾ?
ನಿವೃತ್ತ ಶಿಕ್ಷಕಿ, ಕಲಬುರಗಿ

ಉತ್ತರ: ಬೇಡ ಮೇಡಂ. ಸದ್ಯಕ್ಕೆ ಅವನನ್ನು ಕಳಿಸಿಬಿಡಿ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ಮೊದಲು 'ಖಾಲಿಯಾಗುತ್ತದೆ' ಎಂಬ ಮಾತು. ಎಸಿಯ ಗ್ಯಾಸ್ ಪೆಟ್ರೋಲ್ ಅಲ್ಲ, ಉರಿದು ತೀರುವುದಕ್ಕೆ. ಅದು ಮೈಯಲ್ಲಿ ರಕ್ತ ಓಡಾಡಿದ ಹಾಗೆ ತಾಮ್ರದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಒಳಗಿನ ಕಾಯಿಲ್‌ನಲ್ಲಿ ಆವಿಯಾಗಿ ಕೋಣೆಯ ಬಿಸಿ ಹೀರುತ್ತದೆ. ಹೊರಗಿನ ಕಾಯಿಲ್‌ನಲ್ಲಿ ಮತ್ತೆ ದ್ರವವಾಗಿ ಆ ಬಿಸಿಯನ್ನು ಬೀದಿಗೆ ಬಿಡುತ್ತದೆ. ಸರಿಯಾಗಿ ಜೋಡಿಸಿದ ಎಸಿಗೆ ಹತ್ತು ಹನ್ನೆರಡು ವರ್ಷ ಒಂದು ಗ್ರಾಂ ಗ್ಯಾಸೂ ಬೇಕಾಗುವುದಿಲ್ಲ. ನಿಮಗೆ ಪ್ರತಿ ಮಾರ್ಚ್‌ನಲ್ಲೂ ಬೇಕಾಗುತ್ತಿದೆ ಎಂದರೆ ಎಲ್ಲೋ ತೂತಿದೆ ಅಂತ ಅರ್ಥ. ತೂತು ಮುಚ್ಚದೆ ಗ್ಯಾಸ್ ತುಂಬುವುದು ಅಂದರೆ ಒಡೆದ ಕೊಡಕ್ಕೆ ನೀರು ಹೊತ್ತ ಹಾಗೆ. ಹೊರುವವನಿಗೆ ಕೂಲಿ ಸಿಗುತ್ತದೆ, ನಿಮ್ಮ ಮನೆಗೆ ನೀರು ಸಿಗುವುದಿಲ್ಲ.

ಎಲ್ಲಿ ನೋಡಬೇಕು? ಔಟ್‌ಡೋರ್ ಯೂನಿಟ್‌ನ ಪಕ್ಕದಲ್ಲಿ ಎರಡು ಪೈಪ್ ಸೇರುವ ಹಿತ್ತಾಳೆ ನಟ್‌ಗಳಿರುತ್ತವೆ. ಅದಕ್ಕೆ ಫ್ಲೇರ್ ನಟ್ ಎನ್ನುತ್ತೇವೆ. ಅಲ್ಲಿ ಬೆರಳಾಡಿಸಿ ನೋಡಿ. ಧೂಳು ಒಣಗಿದ್ದರೆ ಸರಿ. ಜಿಡ್ಡು ಜಿಡ್ಡಾಗಿ ಕಪ್ಪಗೆ ಬೆರಳಿಗೆ ಅಂಟಿದರೆ ಕಳ್ಳ ಅಲ್ಲೇ ಇದ್ದಾನೆ. ಗ್ಯಾಸ್ ಸೋರುವಾಗ ಕಂಪ್ರೆಸರ್‌ನ ಎಣ್ಣೆಯನ್ನೂ ಸ್ವಲ್ಪ ಸ್ವಲ್ಪ ಜೊತೆಗೆ ಎಳೆದುಕೊಂಡು ಬರುತ್ತದೆ, ಅದಕ್ಕೆ ಧೂಳು ಕೂರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ನೂರರಲ್ಲಿ ಬಹಳಷ್ಟು ಕೇಸ್ ಈ ನಟ್‌ನಲ್ಲೇ ಮುಗಿಯುತ್ತವೆ. ಪೈಪಿನ ತುದಿಯನ್ನು ಕತ್ತರಿಸಿ, ಹೊಸದಾಗಿ ಫ್ಲೇರ್ ಮಾಡಿ, ಅಂದರೆ ಪೈಪಿನ ಬಾಯಿ ಅಗಲಿಸಿ, ಬಿಗಿದರೆ ಆಯಿತು.

ನಟ್ ಸರಿಯಿದ್ದರೆ ಒಳಗಿನ ಕಾಯಿಲ್ ಮೇಲೆ ಅನುಮಾನ. ಮನೆಯ ಪಕ್ಕ ತೆರೆದ ಚರಂಡಿ ಇದೆಯಾ ನೋಡಿ. ಚರಂಡಿಯ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಇದೆಯಲ್ಲ, ಅದು ತಾಮ್ರವನ್ನು ತಿಂದುಹಾಕುತ್ತದೆ. ಸೂಜಿ ಮೊನೆಯಷ್ಟು ತೂತು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆಗ ಪೈಪಿಗೆ ನೈಟ್ರೋಜನ್ ತುಂಬಿ, ಗೇಜ್ ಹಾಕಿ, ರಾತ್ರಿ ಹಾಗೇ ಬಿಡಬೇಕು. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಕಾಯಿಲ್ ಹೋಗಿದೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆದೇ ಗ್ಯಾಸ್ ತುಂಬಬೇಕು, ಅದೂ ತೂಕ ಮಾಡಿ. ಆ ಹುಡುಗನನ್ನು ಒಂದೇ ಮಾತು ಕೇಳಿ: 'ವ್ಯಾಕ್ಯೂಮ್ ಪಂಪ್, ತಕ್ಕಡಿ ತಂದಿದ್ದೀಯೇನಪ್ಪ?' ಇಲ್ಲ ಎಂದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಬೀಳ್ಕೊಡಿ.

ಇನ್ನು ಬ್ಯಾನ್ ವಿಷಯ. ಅವನು ಅರ್ಧ ಸತ್ಯ ಹೇಳಿದ್ದಾನೆ. 2012ರ ಎಸಿ ಎಂದರೆ ಬಹುಶಃ ಆರ್-22 ಗ್ಯಾಸ್. ಔಟ್‌ಡೋರ್ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ, ಓದಿ ಖಾತ್ರಿ ಮಾಡಿಕೊಳ್ಳಿ. ಇದರಲ್ಲಿ ಕ್ಲೋರಿನ್ ಇದೆ, ಮೇಲೆ ಹೋಗಿ ಓಝೋನ್ ಪದರ ಕೆಡಿಸುತ್ತದೆ. ಅದಕ್ಕೇ 2024ರ ಕೊನೆಯಿಂದ ನಮ್ಮ ದೇಶದಲ್ಲಿ ಇಂಥ ಗ್ಯಾಸ್ ಬಳಸಿ ಹೊಸ ಎಸಿ ತಯಾರಿಸುವುದನ್ನು ನಿಲ್ಲಿಸಲಾಗಿದೆ. ಆದರೆ ಈಗಾಗಲೇ ಮನೆಗಳಲ್ಲಿರುವ ಎಸಿಯ ಸರ್ವೀಸ್‌ಗೆ ಆರ್-22 ಸಿಗುತ್ತದೆ. 2030ರವರೆಗೆ ಹಂತ ಹಂತವಾಗಿ ಕಡಿಮೆ ಮಾಡುತ್ತ ಬರುತ್ತಾರೆ. ಆಮೇಲೂ ಸರ್ವೀಸ್‌ಗೆಂದು ಒಂಚೂರು ಉಳಿಸಿದ್ದಾರೆ. ನಿಮ್ಮ ಎಸಿಯ ಆಯಸ್ಸಿಗೆ ಅಷ್ಟು ಸಾಕು.

ಆದರೆ ಸೋರಲು ಬಿಡಬೇಡಿ. ಓಝೋನ್ ಒಂದೇ ಅಲ್ಲ, ಈ ಗ್ಯಾಸ್ ಭೂಮಿಗೆ ಕಂಬಳಿಯನ್ನೂ ಹೊದಿಸುತ್ತದೆ. ಒಂದು ಕೆಜಿ ಆರ್-22 ಗಾಳಿಗೆ ಹೋದರೆ ಸುಮಾರು 1,810 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು 2.3 ಕೆಜಿ. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕ್ ಹಿಡಿದು ಲೆಕ್ಕ ಹಾಕಿದೆ: 39,000 ಕಿಲೋಮೀಟರ್. ಬಳ್ಳಾರಿಯಿಂದ ಬೆಂಗಳೂರಿಗೆ ಅರವತ್ತು ಸಲ ಹೋಗಿ ಬಂದರೂ ಇನ್ನೂ ಮಿಗುತ್ತದೆ. ಇದು ಒಂದು ಎಸಿಯ ಒಂದು ವರ್ಷದ ಸೋರಿಕೆ.

ಈಗ ಆ 'ಹೊಸ ಗ್ಯಾಸ್'. ಹಳೇ ಆರ್-22 ಎಸಿಗೆ ಹೊಸ ಎಸಿಗಳ ಆರ್-32 ಅಥವಾ ಆರ್-410ಎ ಹಾಕಲು ಆಗುವುದಿಲ್ಲ. ಅವುಗಳ ಒತ್ತಡ ಒಂದೂವರೆ ಪಟ್ಟಿಗೂ ಜಾಸ್ತಿ. ಕಂಪ್ರೆಸರ್‌ನ ಎಣ್ಣೆಯೂ ಬೇರೆ ಜಾತಿ. ಹಾಗಾಗಿ ಅವನ ಕೈಲಿರುವುದು ಹೈಡ್ರೋಕಾರ್ಬನ್ ಡಬ್ಬಿ ಇರಬೇಕು. ಅಂದರೆ ಪ್ರೊಪೇನ್, ಅಡುಗೆ ಗ್ಯಾಸಿನ ಬಳಗ. ಒತ್ತಡ ಹೆಚ್ಚು ಕಡಿಮೆ ಆರ್-22ನಷ್ಟೇ, ಹಳೇ ಎಣ್ಣೆಯ ಜೊತೆಗೂ ಹೊಂದುತ್ತದೆ, ತಂಪೂ ಚೆನ್ನಾಗಿ ಕೊಡುತ್ತದೆ. ಅದಕ್ಕೇ ಕೆಲವರು ಸುಮ್ನೆ ತುಂಬಿಬಿಡುತ್ತಾರೆ. ಗ್ಯಾಸ್ ಒಳ್ಳೆಯದೇ, ಮನೆ ತಪ್ಪು.

2014ರ ಏಪ್ರಿಲ್. ಹೊಸಪೇಟೆಯ ಒಂದು ಲಾಡ್ಜ್. ಮೂರನೇ ಮಹಡಿಯ ಎಸಿ ತಂಪಾಗುತ್ತಿಲ್ಲ ಎಂದು ಕರೆದಿದ್ದರು. ಸ್ಟಿಕ್ಕರ್ ಆರ್-22 ಎನ್ನುತ್ತಿತ್ತು. ಔಟ್‌ಡೋರ್ ಪಕ್ಕದ ಬೆಸುಗೆ ಬಿರುಕು ಬಿಟ್ಟಿತ್ತು. ಇದ್ದಬದ್ದ ಗ್ಯಾಸ್ ಬಿಟ್ಟು ಬೆಸುಗೆಯ ಗ್ಯಾಸ್ ಟಾರ್ಚ್ ಹಚ್ಚಿದೆ. ಆರ್-22ಕ್ಕೆ ಬೆಂಕಿ ಹತ್ತುವುದಿಲ್ಲವಲ್ಲ, ಆ ಧೈರ್ಯ. ಬೆಸುಗೆ ಕೆಂಪಾಗಿ ಬಿಟ್ಟುಕೊಂಡಿದ್ದೇ ತಡ, ಪೈಪಿನಿಂದ ಬುಸ್ಸೆಂದು ಒಂದು ಮೊಳ ಹಳದಿ ಬೆಂಕಿ ನನ್ನ ಮುಖದ ಕಡೆಗೇ ಬಂತು. ಹಿಂದಕ್ಕೆ ಬಿದ್ದೆ. ಜೊತೆಗಿದ್ದ ಹುಡುಗ ಒಣಗಲು ಹಾಕಿದ್ದ ಒದ್ದೆ ಬೆಡ್‌ಶೀಟ್ ಎಳೆದು ಅದರ ಮೇಲೆ ಎಸೆದ. ಎಡಗಡೆಯ ಹುಬ್ಬು ಪೂರ್ತಿ ಹೋಯಿತು. ಸುಟ್ಟ ಕೂದಲಿನ ವಾಸನೆ ಎರಡು ದಿನ ಮೂಗಿನಲ್ಲೇ ಇತ್ತು. ಮ್ಯಾನೇಜರನ್ನು ಕೇಳಿದರೆ, 'ಹೋದ ವರ್ಷ ಯಾರೋ ಬಂದು ಕರೆಂಟ್ ಬಿಲ್ ಕಮ್ಮಿ ಬರುತ್ತೆ ಅಂತ ಹೊಸ ಗ್ಯಾಸ್ ಹಾಕಿದ್ರು' ಅಂದರು. ಹಾಕಿದ ಪುಣ್ಯಾತ್ಮ ಒಂದು ಚೀಟಿಯನ್ನಾದರೂ ಅಂಟಿಸಿರಲಿಲ್ಲ. ತಪ್ಪು ನನ್ನದೂ ಇತ್ತು. ಪೈಪಿನೊಳಗೆ ನೈಟ್ರೋಜನ್ ಓಡಿಸದೆ ಟಾರ್ಚ್ ಹಿಡಿದಿದ್ದೆ. ಗ್ಯಾಸನ್ನು ಗಾಳಿಗೆ ಬಿಟ್ಟಿದ್ದೂ ತಪ್ಪೇ.

ಪ್ರೊಪೇನ್‌ಗೆಂದೇ ಮಾಡಿದ ಎಸಿಯಲ್ಲಿ ಕಿಡಿ ಹಾರದ ಸ್ವಿಚ್, ರಿಲೇ ಇಟ್ಟಿರುತ್ತಾರೆ. ಗ್ಯಾಸಿನ ತೂಕವನ್ನೂ ಕೋಣೆಯ ಅಳತೆ ನೋಡಿಯೇ ನಿಗದಿ ಮಾಡಿರುತ್ತಾರೆ. ನಿಮ್ಮ ಹಳೇ ಎಸಿಯಲ್ಲಿ ಅದೊಂದೂ ಇಲ್ಲ. ಆದ್ದರಿಂದ ಮೇಡಂ, ಸೋರಿಕೆ ಹುಡುಕಿಸಿ, ಮುಚ್ಚಿಸಿ, ಆರ್-22 ಅನ್ನೇ ತೂಕ ಮಾಡಿ ತುಂಬಿಸಿ. ಒಳಗಿನ ಕಾಯಿಲ್ಲೇ ತೂತಾಗಿದ್ದರೆ ಇಷ್ಟು ಹಳೆಯ ಎಸಿಗೆ ದುಡ್ಡು ಸುರಿಯಬೇಡಿ, ಹೊಸದನ್ನು ನೋಡಿ. ಹಳೆಯದನ್ನು ಗುಜರಿಯವನಿಗೆ ಕೊಡುವ ಮುಂಚೆ ಮೆಕ್ಯಾನಿಕ್‌ಗೆ 'ಪಂಪ್ ಡೌನ್ ಮಾಡಪ್ಪ' ಅನ್ನಿ. ಎಸಿ ಓಡುತ್ತಿರುವಾಗಲೇ ಒಂದು ವಾಲ್ವ್ ಮುಚ್ಚಿ, ಗ್ಯಾಸೆಲ್ಲ ಔಟ್‌ಡೋರ್ ಒಳಗೆ ಸೇರಿದ ಮೇಲೆ ಇನ್ನೊಂದನ್ನು ಮುಚ್ಚುತ್ತಾನೆ. ಐದು ನಿಮಿಷದ ಕೆಲಸ. ಅಲ್ಲಿಂದ ರಿಕವರಿ ಮಷಿನ್ ಇರುವವರು ಸಿಲಿಂಡರ್‌ಗೆ ಇಳಿಸಿಕೊಳ್ಳುತ್ತಾರೆ. ಗುಜರಿಯವನು ಕಟರ್ ಹಾಕಿ ಪೈಪ್ ಕತ್ತರಿಸಿದರೆ ಮಾತ್ರ ಬೆಂಗಳೂರಿನ ಅರವತ್ತು ಟ್ರಿಪ್ ಒಂದೇ ನಿಮಿಷದಲ್ಲಿ ಮುಗಿಯುತ್ತದೆ.

ಪ್ರಶ್ನೆ: ಹೊಸ ಎಸಿ ಕೊಳ್ಳಬೇಕು. ಒಂದು ಅಂಗಡಿಯಲ್ಲಿ ಆರ್-32, ಇನ್ನೊಂದರಲ್ಲಿ ಆರ್-290. ಇಬ್ಬರೂ 'ಗ್ರೀನ್ ಗ್ಯಾಸ್ ಸಾರ್' ಎನ್ನುತ್ತಾರೆ. ಯಾರನ್ನು ನಂಬಲಿ? ಕೋಣೆ ಹನ್ನೆರಡು ಅಡಿಗೆ ಹನ್ನೆರಡು ಅಡಿ.
ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಬ್ಯಾಂಕಿನವರು ನೀವು, ಅಂಕಿಯಲ್ಲೇ ಮಾತಾಡೋಣ. ಕಾರ್ಬನ್ ಡೈಆಕ್ಸೈಡಿನ ಬಿಸಿ ಮಾಡುವ ಶಕ್ತಿಯನ್ನು 1 ಎಂದಿಟ್ಟುಕೊಂಡರೆ, ನೂರು ವರ್ಷದ ಲೆಕ್ಕದಲ್ಲಿ ಆರ್-410ಎ 2,088, ಆರ್-32 ಸುಮಾರು 675, ಆರ್-290 ಬರೀ 3. ಮೂರಕ್ಕೂ ಓಝೋನ್ ಭಯ ಇಲ್ಲ. ಆರ್-22 ಬೇಡವಾದಾಗ ಜಗತ್ತೆಲ್ಲ ಮೊದಲು ಓಡಿದ್ದು ಆರ್-410ಎ ಕಡೆಗೆ. ಓಝೋನ್ ಉಳಿಯಿತು, ಬಿಸಿ ಮಾತ್ರ ಇನ್ನಷ್ಟು ಜಾಸ್ತಿಯಾಯಿತು. ಒಂದು ಹಲ್ಲು ಕೀಳಿಸಲು ಹೋಗಿ ಪಕ್ಕದ್ದು ಅಲ್ಲಾಡಿದ ಹಾಗೆ.

ಅದಕ್ಕೇ 2016ರ ಅಕ್ಟೋಬರ್‌ನಲ್ಲಿ ರುವಾಂಡಾದ ಕಿಗಾಲಿ ನಗರದಲ್ಲಿ ದೇಶಗಳೆಲ್ಲ ಸೇರಿ ಆರ್-410ಎ ಥರದ, ಕ್ಲೋರಿನ್ ಇಲ್ಲದ ಈ ಎಚ್‌ಎಫ್‌ಸಿ ಗ್ಯಾಸ್‌ಗಳನ್ನೂ ಇಳಿಸುತ್ತ ಬರೋಣ ಎಂದು ಒಪ್ಪಿದವು. ನಮ್ಮ ದೇಶ ಅದನ್ನು 2021ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿತು. 2028ಕ್ಕೆ ಬಳಕೆ ಏರುವುದು ನಿಲ್ಲಬೇಕು, 2032ಕ್ಕೆ ನೂರಕ್ಕೆ 10ರಷ್ಟು ಇಳಿಯಬೇಕು, 2047ಕ್ಕೆ 85ರಷ್ಟು. ಆರ್-32 ಕೂಡ ಈ ಪಟ್ಟಿಯಲ್ಲಿದೆ. ಹಾಗೆಂದು ನೀವು ಇವತ್ತು ಕೊಂಡ ಎಸಿಗೆ ನಾಳೆ ಗ್ಯಾಸ್ ಸಿಗದೇ ಹೋಗುವುದಿಲ್ಲ. ಅದು ಸಾಯುವವರೆಗೂ ಸಿಗುತ್ತದೆ.

ಆರ್-290 ಎಂದರೆ ಮೊದಲೇ ಹೇಳಿದ ಪ್ರೊಪೇನ್. ಗೋದ್ರೇಜ್‌ನವರು ನಮ್ಮಲ್ಲಿ ಈ ಎಸಿಯನ್ನು 2012ರಲ್ಲೇ ತಂದರು. ಬೆಂಕಿ ಎಂದ ಕೂಡಲೇ ಜನ ಹೆದರುತ್ತಾರೆ. ಒಂದೂವರೆ ಟನ್ ಎಸಿಯಲ್ಲಿ ಇರುವುದು ಸುಮಾರು 350 ಗ್ರಾಂ. ನಿಮ್ಮ ಅಡುಗೆಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಇದೆ, ಅದರ ಪಕ್ಕದಲ್ಲೇ ದಿನಾ ಬೆಂಕಿ ಹಚ್ಚುತ್ತೀರಿ. ನಿಮ್ಮ ಕೋಣೆ ಹತ್ತು ಅಡಿ ಎತ್ತರ ಎಂದುಕೊಂಡರೆ ಸುಮಾರು 40 ಘನ ಮೀಟರ್. 350 ಗ್ರಾಂ ಪೂರ್ತಿ ಸೋರಿ ಕೋಣೆಯಲ್ಲೆಲ್ಲ ಹರಡಿದರೆ ಘನ ಮೀಟರಿಗೆ 9 ಗ್ರಾಂ ಒಳಗೇ. ಬೆಂಕಿ ಹತ್ತಲು 38 ಗ್ರಾಂ ಬೇಕು. ಆದರೆ ಒಂದು ಮಾತು. ಪ್ರೊಪೇನ್ ಗಾಳಿಗಿಂತ ಭಾರ, ನೆಲದಲ್ಲಿ ಕೂರುತ್ತದೆ. ಎಸಿಗೆ ಹಾಕುವ ಪ್ರೊಪೇನ್‌ಗೆ ಅಡುಗೆ ಗ್ಯಾಸಿನಂತೆ ವಾಸನೆಯನ್ನೂ ಬೆರೆಸಿರುವುದಿಲ್ಲ. ಹಾಗಾಗಿ ಎಂಟಕ್ಕೆ ಎಂಟು ಅಡಿಯ ಗೂಡಿನಂಥ ಕೋಣೆಗೆ ದೊಡ್ಡ ಎಸಿ ಬೇಡ. ಕೂರಿಸಲು ಕಂಪನಿಯ ತರಬೇತಿ ಪಡೆದವನೇ ಬರಬೇಕು, ಆಮೇಲಿನ ಸರ್ವೀಸ್‌ಗೂ ಅವನೇ. ನಿಮ್ಮೂರಲ್ಲಿ ಅಂಥವರು ಇದ್ದಾರಾ ಎಂದು ವಿಚಾರಿಸಿ. ಇದ್ದರೆ ನಾನಾಗಿದ್ದರೆ ಆರ್-290 ಕೊಳ್ಳುತ್ತಿದ್ದೆ. ಇಲ್ಲದಿದ್ದರೆ ಆರ್-32 ಕೊಳ್ಳಿ, ಪಾಪಪ್ರಜ್ಞೆ ಬೇಡ. ಅದಕ್ಕೂ ಬೆಂಕಿ ಹತ್ತುತ್ತದೆ, ಆದರೆ ಅಷ್ಟು ಸುಲಭಕ್ಕಲ್ಲ. ಆರ್-410ಎ ಎಸಿಯನ್ನು ಹಳೇ ಸ್ಟಾಕ್ ಎಂದು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಸ್ಟಾರ್ ನೋಡುವುದನ್ನು ಮರೆಯಬೇಡಿ. ಎಸಿಯಿಂದ ಆಗುವ ಹಾನಿಯಲ್ಲಿ ದೊಡ್ಡ ಪಾಲು ಅದು ತಿನ್ನುವ ಕರೆಂಟಿನದು. ನಮ್ಮ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನಿಂದ ಬರುತ್ತದೆ. ಅದು ನಮ್ಮ ಬಳ್ಳಾರಿ ಕಡೆಯವರಿಗೆ, ಕುಡತಿನಿಯ ವಿದ್ಯುತ್ ಸ್ಥಾವರದ ಚಿಮಣಿ ನೋಡಿದವರಿಗೆ, ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಹೊಸ ಫ್ರಿಜ್‌ನ ಹಿಂದೆ ಬೆಂಕಿಯ ಚಿತ್ರ ಇದೆ, ಆರ್-600ಎ ಎಂದು ಬರೆದಿದೆ. ನಮ್ಮ ಫ್ರಿಜ್ ಅಡುಗೆಮನೆಯಲ್ಲೇ ಇರುವುದು. ಅತ್ತೆಗೆ ಭಯ.
ಗೃಹಿಣಿ, ಉಡುಪಿ

ಉತ್ತರ: ಅತ್ತೆಯವರಿಗೆ ಹೇಳಿ: ಅದರಲ್ಲಿರುವ ಗ್ಯಾಸ್ ಐವತ್ತು, ಅರವತ್ತು ಗ್ರಾಂ ಅಷ್ಟೇ. ಐಸೋಬ್ಯೂಟೇನ್ ಎಂದು ಹೆಸರು, ಸಿಗರೇಟ್ ಲೈಟರ್‌ನಲ್ಲಿರುವುದೂ ಇದೇ ಕುಲದ್ದು. 1993ರಲ್ಲಿ ಜರ್ಮನಿಯಲ್ಲಿ ಇಂಥ ಫ್ರಿಜ್ ಮಾರುಕಟ್ಟೆಗೆ ಬಂತು. ಮುಚ್ಚುವ ಸ್ಥಿತಿಯಲ್ಲಿದ್ದ ಪೂರ್ವ ಜರ್ಮನಿಯ ಒಂದು ಕಾರ್ಖಾನೆಯನ್ನು ಗ್ರೀನ್‌ಪೀಸ್ ಸಂಸ್ಥೆಯವರು ಒಪ್ಪಿಸಿ ಮಾಡಿಸಿದ್ದು. ದೊಡ್ಡ ಕಂಪನಿಗಳು ಮೊದಲು ಅಪಾಯ, ಅಪಾಯ ಎಂದು ಕೂಗಿದವು, ಆಮೇಲೆ ತಾವೂ ಅದನ್ನೇ ಮಾಡಿದವು. ಈಗ ಮನೆಯ ಹೊಸ ಫ್ರಿಜ್‌ಗಳಲ್ಲಿ ಹೆಚ್ಚಿನವು ಇದೇ. ಅದೇ 1993ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಫ್ರಿಜ್‌ಗೆ ತುಂಬುತ್ತಿದ್ದದ್ದು ಆರ್-12. ಅದರ ಬಿಸಿ ಮಾಡುವ ಅಂಕಿ 10,900. ಇದರದು 3.

ಫ್ರೀಜರ್‌ನಲ್ಲಿ ಐಸ್ ಕಟ್ಟಿದರೆ ಚಾಕುವಿನಿಂದ ಕೆರೆಯಬೇಡಿ. ಅತ್ತೆಯವರಿಗೂ ಹೇಳಿ, ಅವರೇ ಕೆರೆಯುವುದು ಜಾಸ್ತಿ. ಐಸಿನ ಹಿಂದೆಯೇ ಗ್ಯಾಸಿನ ಪೈಪ್ ಇದೆ. ನಾನು ಕಂಡ ಫ್ರಿಜ್ ಸೋರಿಕೆಗಳಲ್ಲಿ ಚಾಕುವಿನದೇ ದೊಡ್ಡ ಕೊಡುಗೆ. ಸ್ವಿಚ್ ಆಫ್ ಮಾಡಿ, ಬಾಗಿಲು ತೆರೆದು, ಕೆಳಗೊಂದು ಬಟ್ಟೆ ಹಾಸಿ. ಉಡುಪಿಯ ಸೆಕೆಗೆ ಅರ್ಧ ಗಂಟೆಯಲ್ಲಿ ಕರಗುತ್ತದೆ.

ಪ್ರಶ್ನೆ: ನಮ್ಮ ಮನೆ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಹಿಂದೆ. ಆಗಾಗ ಅಮೋನಿಯಾ ವಾಸನೆ ಬರುತ್ತದೆ. ಇದನ್ನೂ ಪರಿಸರ ಸ್ನೇಹಿ ಗ್ಯಾಸ್ ಅಂತಾರಲ್ಲ ಸಾರ್, ನಮ್ಮ ಮೂಗಿಗಂತೂ ಸ್ನೇಹಿ ಅಲ್ಲ.
ಓದುಗರು, ಬ್ಯಾಡಗಿ

ಉತ್ತರ: ನಿಮ್ಮ ಮೂಗು ಸರಿಯಾಗಿಯೇ ಹೇಳುತ್ತಿದೆ. ಅಮೋನಿಯಾದಿಂದ ಓಝೋನ್‌ಗೆ ಆಗುವ ಹಾನಿ ಸೊನ್ನೆ, ಭೂಮಿಯ ಬಿಸಿಗೂ ಸೊನ್ನೆ, ಬೆಲೆಯೂ ಕಡಿಮೆ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯಾದಿಂದ ತಂಪು ಮಾಡುವ ಯಂತ್ರ ಕಟ್ಟಿದ, ಇವತ್ತಿಗೂ ಹಾಲಿನ ಡೈರಿ, ಐಸ್ ಫ್ಯಾಕ್ಟರಿಗಳಲ್ಲಿ ಅದೇ ಓಡುತ್ತಿದೆ. ತಾಮ್ರಕ್ಕೆ ಆಗದ ಗ್ಯಾಸ್ ಇದು, ಅದಕ್ಕೇ ಅಲ್ಲೆಲ್ಲ ಕಬ್ಬಿಣದ ಪೈಪ್. ಆದರೆ ಇದು ವಿಷ. ಕಣ್ಣು, ಗಂಟಲು, ಶ್ವಾಸಕೋಶ ಎಲ್ಲವನ್ನೂ ಸುಡುತ್ತದೆ. ಆಕಾಶಕ್ಕೆ ಒಳ್ಳೆಯದು ಅಂದ ಮಾತ್ರಕ್ಕೆ ಅಕ್ಕಪಕ್ಕದವರಿಗೆ ಒಳ್ಳೆಯದು ಅಂತಲ್ಲ.

ಇರುವ ಒಂದೇ ಉಪಕಾರ ಅಂದರೆ ಆ ವಾಸನೆ. ಅಪಾಯದ ಮಟ್ಟಕ್ಕೆ ಬರುವ ಎಷ್ಟೋ ಮೊದಲೇ ಮೂಗಿಗೆ ಬಡಿಯುತ್ತದೆ. ಆಗಾಗ ತೆಳ್ಳಗೆ ಬಂದರೆ ಯಾವುದೋ ವಾಲ್ವ್‌ನ ಗ್ಲ್ಯಾಂಡ್, ಅಂದರೆ ಅದರ ಕಡ್ಡಿಯ ಸುತ್ತ ಸೋರದಂತೆ ಬಿಗಿಯುವ ಭಾಗ, ಸೋರುತ್ತಿರಬೇಕು. ಮಾಲೀಕರಿಗೆ ಬರವಣಿಗೆಯಲ್ಲಿ ಕೊಡಿ. ಕಿವಿಗೆ ಹಾಕಿಕೊಳ್ಳದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಅರ್ಜಿ ಹಾಕಿ. ಒಮ್ಮೆಲೇ ಕಣ್ಣು ಉರಿಯುವಷ್ಟು ಬಂದರೆ ಮೂಗಿಗೆ ಒದ್ದೆ ಟವೆಲ್ ಕಟ್ಟಿ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ನಡೆದು ದೂರ ಹೋಗಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಕಣ್ಣಿಗೆ ತಾಗಿದರೆ ಕಾಲು ಗಂಟೆ ಬಿಡದೆ ನೀರು ಹಾಕಬೇಕು. ಏನಾಯಿತು ನೋಡೋಣ ಎಂದು ಗೇಟಿನ ಹತ್ತಿರ ಹೋಗಬೇಡಿ.

ಪ್ರಶ್ನೆ: ಇಲ್ಲಿ ಮನೆ ಬೆಚ್ಚಗಿಡಲು ಹಳೇ ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸುತ್ತಿದ್ದೇವೆ. ಪ್ರೊಪೇನ್ ಇರುವುದನ್ನೇ ಹಾಕಿ ಎನ್ನುತ್ತಿದ್ದಾರೆ. ಮಕ್ಕಳಿರುವ ಮನೆ, ಸರಿಯಾ?
ಸ್ಟುಟ್‌ಗಾರ್ಟ್‌ನಿಂದ ಒಬ್ಬ ದಾವಣಗೆರೆಯವರು

ಉತ್ತರ: ಹಿಮ ಕಣ್ಣಾರೆ ಕಂಡವನಲ್ಲ ನಾನು. ಆದರೆ ಯಂತ್ರ ನನಗೆ ಗೊತ್ತಿರುವುದೇ. ಎಸಿಯನ್ನು ತಿರುಗಿಸಿಟ್ಟರೆ ಹೀಟ್ ಪಂಪ್. ಹೊರಗಿನ ಚಳಿಗಾಳಿಯಿಂದಲೇ ಬಿಸಿ ಹಿಂಡಿ ಒಳಗೆ ತರುತ್ತದೆ. ಒಂದು ಯೂನಿಟ್ ಕರೆಂಟ್ ತಿಂದು ಮೂರು ಯೂನಿಟ್ ಬಿಸಿ ಕೊಡುತ್ತದೆ, ತೀರಾ ಚಳಿಯಲ್ಲಿ ಸ್ವಲ್ಪ ಕಡಿಮೆ.

ಪ್ರೊಪೇನ್ ಹಾಕಿಸಿ, ಹೆದರಬೇಡಿ. ನಿಮ್ಮ ಕಡೆ ಮಾರುವ ಇಂಥ ಯಂತ್ರಗಳಲ್ಲಿ ಹೆಚ್ಚಿನವು ಮೊನೊಬ್ಲಾಕ್. ಅಂದರೆ ಗ್ಯಾಸೆಲ್ಲ ಹೊರಗಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಮನೆಯೊಳಗೆ ಬರುವುದು ಬರೀ ಬಿಸಿನೀರಿನ ಪೈಪ್. ಜಾಗ ಮಾತ್ರ ಸರಿಯಾಗಿ ನೋಡಿ. ಪೆಟ್ಟಿಗೆಯ ಹತ್ತಿರ ನೆಲಮಾಳಿಗೆಯ ಕಿಟಕಿ, ಚರಂಡಿಯ ಬಾಯಿ, ತಗ್ಗು ಇರಬಾರದು. ಭಾರದ ಗ್ಯಾಸ್, ಸೋರಿದರೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಎಷ್ಟು ದೂರ ಬಿಡಬೇಕು ಎಂಬುದು ಯಂತ್ರದ ಪುಸ್ತಕದಲ್ಲೇ ಇರುತ್ತದೆ. ಯುರೋಪಿನಲ್ಲಿ 2024ರ ಮಾರ್ಚ್‌ನಿಂದ ಜಾರಿಯಾದ ಹೊಸ ಕಾನೂನು ಎಚ್‌ಎಫ್‌ಸಿ ಗ್ಯಾಸ್‌ಗಳನ್ನು 2050ಕ್ಕೆ ಸೊನ್ನೆಗೆ ತರಬೇಕು ಎನ್ನುತ್ತದೆ. ಆದ್ದರಿಂದ ಇಪ್ಪತ್ತು ವರ್ಷ ಬಾಳಬೇಕಾದ ಯಂತ್ರಕ್ಕೆ ನಾಳೆ ತುಟ್ಟಿಯಾಗುವ ಗ್ಯಾಸ್ ಯಾಕೆ?

ಪ್ರಶ್ನೆ: ಸರ್, ಐಟಿಐ ಮುಗಿಸಿ ಒಂದು ಎಸಿ ಅಂಗಡಿಗೆ ಸೇರಿದ್ದೇನೆ. ನಮ್ಮ ಓನರ್ ಹಳೇ ಗ್ಯಾಸನ್ನು ಗಾಳಿಗೇ ಬಿಡಿಸುತ್ತಾರೆ. ಕೇಳಿದರೆ 'ಇಷ್ಟು ದೊಡ್ಡ ಆಕಾಶಕ್ಕೆ ಇಷ್ಟು ಗ್ಯಾಸ್ ಏನು ಲೆಕ್ಕ' ಅಂತಾರೆ. ನಾನೇನು ಮಾಡಲಿ?
ಒಬ್ಬ ಹುಡುಗ, ಸಿಂಧನೂರು

ಉತ್ತರ: ತಮ್ಮಾ, ನಿನ್ನ ಓನರನ್ನು ಬೈಯುವ ಯೋಗ್ಯತೆ ನನಗಿಲ್ಲ. ನನ್ನ ಗುರುಗಳೂ ಹಾಗೇ ಕಲಿಸಿದ್ದು. ಪೈಪ್ ಒಳಗೆ ಕಸ ಇದೆ ಅನ್ನಿಸಿದರೆ ಆರ್-12 ಡಬ್ಬಿ ಹಿಡಿದು ಬುಸ್ ಅಂತ ಊದಿ ತೊಳೆಯುತ್ತಿದ್ದೆವು. ಸಂಜೆ ಹೊತ್ತಿಗೆ ಅಂಗಡಿಯ ಮುಂದೆ ಬಿಳಿ ಹೊಗೆ ಕವಿದಿರುತ್ತಿತ್ತು, ನಮಗೆ ಅದೊಂದು ತಮಾಷೆ. 1974ರಲ್ಲೇ ಮೊಲಿನಾ, ರೋಲ್ಯಾಂಡ್ ಎಂಬ ಇಬ್ಬರು ವಿಜ್ಞಾನಿಗಳು ಈ ಗ್ಯಾಸಿನ ಕ್ಲೋರಿನ್ ಓಝೋನನ್ನು ತಿನ್ನುತ್ತದೆ ಎಂದು ಬರೆದಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀರಾ ತೆಳ್ಳಗಾಗಿದ್ದನ್ನು ಅಳೆದು ತೋರಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. 1992ರಲ್ಲಿ ನಮ್ಮ ದೇಶವೂ ಸೇರಿತು. ಅದರ ಮರುವರ್ಷ ನಾನು ಅಂಗಡಿಯ ಮುಂದೆ ನಿಂತು ಆರ್-12 ಊದುತ್ತಿದ್ದೆ. ನಮಗೆ ಯಾರೂ ಹೇಳಲೇ ಇಲ್ಲ. ನಿನಗೆ ಗೊತ್ತಾಗಿದೆ, ಅಷ್ಟೇ ವ್ಯತ್ಯಾಸ.

ಓನರ್ ಹತ್ತಿರ ಆಕಾಶದ ಮಾತಾಡಬೇಡ, ದುಡ್ಡಿನ ಮಾತಾಡು. ಆರ್-22 ಸರಬರಾಜು ವರ್ಷವರ್ಷಕ್ಕೆ ಇಳಿಯುತ್ತಿದೆ. ಸಿಲಿಂಡರ್‌ಗೆ ಇಳಿಸಿಕೊಂಡ ಗ್ಯಾಸ್ ಶುದ್ಧವಾಗಿದ್ದರೆ ಅದೇ ಎಸಿಗೆ ವಾಪಸ್ ಹಾಕಬಹುದು. ರಿಕವರಿ ಮಷಿನ್ ತುಟ್ಟಿ, ನಿಜ. ಬಳ್ಳಾರಿಯಲ್ಲಿ ನಾವು ನಾಲ್ಕು ಅಂಗಡಿಯವರು ಸೇರಿ ಒಂದು ಕೊಂಡಿದ್ದೇವೆ. ಯಾರಿಗೆ ಯಾವ ದಿನ ಎಂದು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತೇವೆ. ಏಪ್ರಿಲ್‌ನಲ್ಲಿ ಜಗಳ ಆಗುತ್ತದೆ, ಅದು ಬೇರೆ ಮಾತು.

ನೀನು ಮೊದಲ ಸಂಬಳದಲ್ಲಿ ಒಳ್ಳೆಯ ಫ್ಲೇರಿಂಗ್ ಟೂಲ್ ಕೊಂಡುಕೋ. ಆಮೇಲೆ ತಕ್ಕಡಿ, ಟಾರ್ಕ್ ರೆಂಚ್. ಕೈಯಂದಾಜಿನಲ್ಲಿ ಬಿಗಿದ ನಟ್ ಒಂದೋ ಸಡಿಲ, ಇಲ್ಲಾ ಬಿರುಕು. ಆರ್-290, ಆರ್-600ಎ ಕೆಲಸಕ್ಕೆ ತರಬೇತಿ ಇಲ್ಲದೆ ಕೈ ಹಾಕಬೇಡ. ಕೈ ಹಾಕುವಾಗ ಕಿಟಕಿ ತೆರೆದಿಡು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಪೈಪನ್ನು ಕಟರ್‌ನಲ್ಲೇ ಕತ್ತರಿಸು, ಟಾರ್ಚ್ ಹಚ್ಚಿ ಬಿಡಿಸಬೇಡ. ನನ್ನ ಹುಬ್ಬಿನ ಕಥೆ ಮೇಲೆ ಓದಿದ್ದೀಯಲ್ಲ. ಮೆಕ್ಯಾನಿಕ್‌ಗಳಿಗೆ ಕೇಂದ್ರ ಪರಿಸರ ಸಚಿವಾಲಯ ಆರ್-22 ಕೈಬಿಡುವ ಯೋಜನೆಯಲ್ಲೇ ತರಬೇತಿ ಇಟ್ಟಿದೆ. ನಿನ್ನ ಐಟಿಐ ಮೇಷ್ಟ್ರನ್ನು ಕೇಳು.

ಅಗ್ಗದ ಗ್ಯಾಸ್ ಸಿಲಿಂಡರ್ ಕಂಡರೆ ದೂರ ಇರು. 2011ರಲ್ಲಿ ಹಡಗಿನ ಕೋಲ್ಡ್ ಕಂಟೇನರ್‌ಗಳಿಗೆ ವಿಯೆಟ್ನಾಂನಲ್ಲಿ ನಕಲಿ ಆರ್-134ಎ ತುಂಬಿದ್ದರು. ಒಳಗಿದ್ದದ್ದು ಮೀಥೈಲ್ ಕ್ಲೋರೈಡ್. ಅದು ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ವಸ್ತುವಾಯಿತು. ಸ್ಫೋಟಗಳಲ್ಲಿ ರಿಪೇರಿ ಮಾಡುತ್ತಿದ್ದ ಮೂವರು ಸತ್ತರು. ಸತ್ತವರು ನಿನ್ನಂಥ, ನನ್ನಂಥ ಮೆಕ್ಯಾನಿಕ್‌ಗಳು.

ಪ್ರಶ್ನೆ: ಇಷ್ಟೆಲ್ಲ ಯಾಕೆ ಸಾರ್? ನಮ್ಮ ಅಜ್ಜಿ ಮಡಕೆ ನೀರು, ಬೀಸಣಿಗೆಯಲ್ಲೇ ಬೇಸಿಗೆ ಕಳೆದರಲ್ವಾ?
ಓದುಗರು, ರಾಯಚೂರು

ಉತ್ತರ: ನಿಮ್ಮ ಅಜ್ಜಿಯ ಬೇಸಿಗೆಯೇ ಬೇರೆ, ಈಗಿನದೇ ಬೇರೆ. ಆದರೂ ಒಂದು ವಿಷಯ ಹೇಳುತ್ತೇನೆ, ಖುಷಿಯಾಗುತ್ತದೆ. ತಂಪು ಮಾಡುವ ವಸ್ತುಗಳಿಗೆ ನಂಬರ್ ಕೊಡುವ ಪಟ್ಟಿಯಲ್ಲಿ ನೀರಿಗೂ ಒಂದು ನಂಬರ್ ಇದೆ: ಆರ್-718. ಅಜ್ಜಿಯ ಮಡಕೆ ಓಡುತ್ತಿದ್ದದ್ದು ಅದರಲ್ಲೇ. ಡೆಸರ್ಟ್ ಕೂಲರ್ ಕೂಡ ಅದೇ. ರಾಯಚೂರು, ಬಳ್ಳಾರಿಯ ಒಣ ಗಾಳಿಗೆ ಅದು ಚೆನ್ನಾಗಿ ಹೊಂದುತ್ತದೆ, ಕಿಟಕಿ ಒಂದು ತೆರೆದಿಟ್ಟರೆ ಸಾಕು. ನಮ್ಮ ಮನೆಯಲ್ಲಿ ಮಾರ್ಚ್‌ವರೆಗೆ ಅದೇ ಓಡುತ್ತದೆ. ಏಪ್ರಿಲ್ ಮಧ್ಯದಿಂದ ನನ್ನ ಹೆಂಡತಿ ಎಸಿ ರಿಮೋಟ್ ಕೈಗೆತ್ತಿಕೊಳ್ಳುತ್ತಾಳೆ, ನಾನು ಎದುರಾಡುವುದಿಲ್ಲ. ಕರಾವಳಿಯವರು ಮಾತ್ರ ಕೂಲರ್ ಕೊಳ್ಳಲು ಹೋಗಬೇಡಿ. ಅಲ್ಲಿನ ಗಾಳಿಯಲ್ಲಿ ಮೊದಲೇ ನೀರು ತುಂಬಿದೆ, ಮೈಯೆಲ್ಲ ಅಂಟಂಟಾಗುತ್ತದೆ ಅಷ್ಟೇ.